ಆರಗದ ದಾಸರನ್ನು ನೋಡಲು ಮೂರು ದಿನ ಹೊಂದಿಸಿದ್ದು

2024ರ ಜುಲೈ ಕೊನೆ. ತೀರ್ಥಹಳ್ಳಿ ಕಡೆ ಮಳೆ ಅಂದರೆ ಹೇಳಬೇಕಾಗಿಲ್ಲ. ಶಾಲೆಗೆ ರಜೆ ಕೊಟ್ಟಿದ್ದರು, ಹೊರಗೆ ಕಾಲಿಡುವ ಹಾಗಿರಲಿಲ್ಲ. ಅತ್ತೆ ಒಲೆ ಮುಂದೆ ಕೂತು ಹಲಸಿನ ಹಪ್ಪಳ ಸುಡುತ್ತಿದ್ದರು. ಟಿ.ವಿ.ಯಲ್ಲಿ ಸುದ್ದಿ ಬಂತು. ತುಂಗಭದ್ರಾ ಡ್ಯಾಮಿನಿಂದ ನದಿಗೆ ನೀರು ಬಿಟ್ಟಿದ್ದಾರೆ, ಹಂಪಿಯ ಪುರಂದರ ಮಂಟಪ ಮುಳುಗಿದೆ.

ಅತ್ತೆ ಇಕ್ಕಳ ಕೆಳಗಿಟ್ಟು ಎದ್ದು ಬಂದರು. ಕೆಂಪು ನೀರಿನ ಮಧ್ಯೆ ಒಂದಿಷ್ಟು ಕಲ್ಲಿನ ಚಪ್ಪರ ಕಾಣುತ್ತಿತ್ತು, ಅಷ್ಟೇ.

"ನೋಡು ಮಾರಾಯ್ತಿ, ನಮ್ಮ ತುಂಗೆ ನೀರೇ ಹೋಗಿ ನಮ್ಮ ದಾಸರನ್ನ ಮುಳುಗಿಸ್ತದೆ" ಅಂದರು.

ಅವರ ತವರು ಆರಗ. ಪುರಂದರದಾಸರ ಹುಟ್ಟೂರು ಮಹಾರಾಷ್ಟ್ರದ ಪುರಂದರಗಡ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೆವು. ಆಮೇಲೆ ವಿದ್ವಾಂಸರ ಸಮಿತಿ ಕೂತು, ಅಲ್ಲ, ನಮ್ಮ ತಾಲೂಕಿನ ಆರಗ ಅಂತ ವರದಿ ಕೊಟ್ಟಿತು. ಆವತ್ತಿನಿಂದ ಅತ್ತೆಗೆ ದಾಸರು ತವರಿನ ಕಡೆ ನೆಂಟರು. ವಿಜಯನಗರದಲ್ಲಿ ಅವರು ಕೂತು ಹಾಡುತ್ತಿದ್ದ ಜಾಗ ಅಂತ ಹೇಳುವ ಆ ಮಂಟಪವನ್ನು ಒಮ್ಮೆ ನೋಡಬೇಕು ಅನ್ನುವುದು ಅವರ ಹಳೆಯ ಆಸೆ. ಎಪ್ಪತ್ತೆರಡು ವರ್ಷ, ಎರಡೂ ಮಂಡಿ ನೋವು. "ಮಂಟಪ ನೀರಿಂದ ಮೇಲೆ ಬಂದಾಗ ಒಂದ್ಸಲ ಕರ್ಕೊಂಡು ಹೋಗ್ರೋ" ಅಂತ ಅವರು ಹೇಳಿದ್ದು ಅದೇ ಮೊದಲಲ್ಲ. ಆದರೆ ಈ ಸಲ ಹೇಳಿದ ದನಿ ಬೇರೆ ಇತ್ತು. ಸರಿ, ಚಳಿಗಾಲಕ್ಕೆ ಹೋಗೋಣ ಅಂದುಬಿಟ್ಟೆ.

ಹೇಳುವುದು ಸುಲಭ.

ಊರಿನವರು ಬಿಟ್ಟು ಮಿಕ್ಕವರಿಗೆ ಇದು ಅರ್ಥವಾಗುವುದು ಕಷ್ಟ. ಬೆಂಗಳೂರಿನಿಂದ ಜನ ಕಾರು ಮಾಡಿಕೊಂಡು ಮಲೆನಾಡಿಗೆ ಬರುವುದೇ ಅಕ್ಟೋಬರಿನಿಂದ ಜನವರಿವರೆಗೆ. ಮಂಜು, ಹಸಿರು, ಹೋಮ್‌ಸ್ಟೇ, ಫೋಟೋ. ನಮಗೆ ಅದೇ ನಾಲ್ಕು ತಿಂಗಳು ಮನೆ ಬಿಡಲಾಗದ ಕಾಲ. ಗದ್ದೆ ಕೊಯ್ಲು, ಅಡಿಕೆ ಕೊಯ್ಲು ಎರಡೂ ಒಟ್ಟಿಗೆ ಬಂದು ಕೂರುತ್ತವೆ. ನಮ್ಮದು ಎರಡು ಎಕರೆ ತೋಟ, ದೊಡ್ಡದೇನಲ್ಲ. ಆದರೆ ಎರಡು ಎಕರೆಯವರಿಗೂ ಇಪ್ಪತ್ತು ಎಕರೆಯವರಿಗೂ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವವರು ಅವರೇ ನಾಲ್ಕು ಜನ. ಅವರು ಯಾವತ್ತು ಬರುತ್ತೇನೆ ಅನ್ನುತ್ತಾರೋ ಅವತ್ತೇ ನಮ್ಮ ಮುಹೂರ್ತ. ಕೊನೆ ಇಳಿಸಿದ ಮೇಲೆ ಬಿಡುವಿಲ್ಲ. ಸುಲಿಯಬೇಕು, ಚೊಗರು (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸಬೇಕು, ಹರವಬೇಕು, ಒಳ್ಳೆ ಬಿಸಿಲಿದ್ದರೂ ಒಣಗಲು ಒಂದು ವಾರ ಬೇಕು. ನಡುವೆ ಮೋಡ ಬಂದರೆ ಅಂಗಳದಲ್ಲಿ ಟಾರ್ಪಾಲು ಹಿಡಿದು ಓಡುವುದೇ ಕೆಲಸ. ಇದರ ಮೇಲೆ ಎರಡು ಹಸು, ಒಂದು ನಾಯಿ, ಮಂಗನ ಕಾಟ.

ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರೆಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಕೊಂಡು ಹೋಯಿತು. ನಮ್ಮ ಯಜಮಾನರು ಸುದ್ದಿ ನೋಡಿ, "ಅಮ್ಮ, ಈ ಸಲ ಸ್ವಲ್ಪ ಜಾಸ್ತಿನೇ ಕಳಿಸಿಬಿಟ್ವಿ ಕಾಣ್ತದೆ" ಅಂತ ತಮಾಷೆ ಮಾಡಿದರು. ಅತ್ತೆ ನಗಲಿಲ್ಲ. ಅವರಿಗೆ ಮಂಟಪದ ಚಿಂತೆ.

ನವೆಂಬರಿನಲ್ಲಿ ಕ್ಯಾಲೆಂಡರ್ ಇಳಿಸಿ ಊಟದ ಮೇಜಿನ ಮೇಲೆ ಹರಡಿದೆ. ನಾನು ಹೈಸ್ಕೂಲು ಟೀಚರು. ಮಕ್ಕಳನ್ನು ಎರಡು ಸಲ ಶೈಕ್ಷಣಿಕ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೇನೆ. ಅದರಲ್ಲಿ ಒಂದು ಹಂಪಿಗೇ. ಆದರೆ ಅವತ್ತು ನಾನು ಹಂಪಿ ನೋಡಿದೆ ಅನ್ನುವ ಹಾಗಿಲ್ಲ. ಐವತ್ತು ತಲೆ ಎಣಿಸಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಒಂದು ಮಾತ್ರ ಗೊತ್ತು. ಡಿಸೆಂಬರ್ ಅಂದರೆ ರಾಜ್ಯದ ಎಲ್ಲ ಶಾಲೆಗಳ ಬಸ್ಸೂ ಹಂಪಿಯಲ್ಲಿ ಇರುತ್ತವೆ.

ಎರಡು ದಿನ ಸಾಲದು, ನಾಲ್ಕು ದಿನ ತೋಟ ಬಿಡುವುದಿಲ್ಲ. ಹಾಗಾಗಿ ಶುಕ್ರವಾರ ಒಂದು ಸಿ.ಎಲ್., ಶನಿವಾರ ಇನ್ನೊಂದು ಸಿ.ಎಲ್., ಭಾನುವಾರ ಹೇಗೂ ರಜೆ. ಡಿಸೆಂಬರಿನಲ್ಲಿ ನಾಲ್ಕು ಶುಕ್ರವಾರ. 6, 13, 20, 27. ನಾಲ್ಕರಲ್ಲಿ ಒಂದನ್ನು ಆರಿಸುವುದಕ್ಕೆ ನಮಗೆ ಹದಿನೈದು ದಿನ ಬೇಕಾಯಿತು.

27 ಮೊದಲು ಹೋಯಿತು. ಕ್ರಿಸ್‌ಮಸ್ ರಜೆ, ಹೊಸ ವರ್ಷ, ಹಂಪಿಯಲ್ಲಿ ರೂಮಿನ ರೇಟು ಕೇಳಿದರೆ ಸಾಕು. ಅದಕ್ಕಿಂತ ಮುಖ್ಯ, 30ಕ್ಕೆ ಎಳ್ಳಮಾವಾಸ್ಯೆ. ತೀರ್ಥಹಳ್ಳಿಯಲ್ಲಿ ರಾಮೇಶ್ವರ ದೇವರ ಜಾತ್ರೆ, ತೆಪ್ಪೋತ್ಸವ. ಮನೆತುಂಬ ನೆಂಟರು. ಜಾತ್ರೆ ಹಿಂದಿನ ದಿನ ಮನೆಗೆ ಬೀಗ ಹಾಕಿ ಹೋದರೆ ನಾದಿನಿಯರು ಮುಂದಿನ ಜಾತ್ರೆವರೆಗೆ ಮಾತಾಡುವುದಿಲ್ಲ.

6 ನನಗೆ ಇಷ್ಟವಾಗಿತ್ತು. ಆದರೆ ಮೊದಲ ಕೊಯ್ಲು ನವೆಂಬರ್ ಕೊನೆಗೆ ನಿಗದಿಯಾಯಿತು. ಅದು ಒಣಗುವ ಹೊತ್ತಿಗೆ ಫೆಂಗಲ್ ಚಂಡಮಾರುತ ಬಂತು. ಅದು ದಡ ಮುಟ್ಟಿದ್ದು ಪುದುಚೇರಿ ಹತ್ತಿರ. ಅದರ ಮೋಡ ಬಂದು ಕೂತಿದ್ದು ನಮ್ಮ ಅಂಗಳದ ಮೇಲೆ. ಡಿಸೆಂಬರ್ ಮೊದಲ ವಾರ ಬೇಯಿಸಿದ ಅಡಿಕೆಯನ್ನು ಅಟ್ಟಕ್ಕೆ ಏರಿಸಿ, ಕೆಳಗೆ ಹೊಗೆ ಹಾಕಿ, ದಿನಕ್ಕೆ ನಾಲ್ಕು ಸಲ ತಿರುವಿದ್ದೇ ಪ್ರವಾಸ.

ಉಳಿದದ್ದು 13 ಮತ್ತು 20. ಇವರು 13 ಅಂದರು. ಶಿವಮೊಗ್ಗದಲ್ಲಿರುವ ನಮ್ಮ ಅತ್ತಿಗೆಗೆ ಫೋನಿನಲ್ಲಿ ಹೇಳಿದಾಗ, "ಅಯ್ಯೋ, ಬೇಡ. ಅವತ್ತು ಹನುಮದ್ ವ್ರತ ಅಲ್ವಾ? ಅಂಜನಾದ್ರಿಗೆ ಮಾಲೆಯವರು ಬರ್ತಾರೆ" ಅಂದರು. ಪಂಚಾಂಗ ತೆಗೆದು ನೋಡಿದೆ. ಹೌದು, ಮಾರ್ಗಶಿರ ಶುದ್ಧ ತ್ರಯೋದಶಿ, ಸರಿಯಾಗಿ 13. ಹನುಮ ಮಾಲೆ ಹಾಕಿದವರು ಅವತ್ತು ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟದಲ್ಲಿ ಮಾಲೆ ವಿಸರ್ಜನೆ ಮಾಡುತ್ತಾರೆ. ಲಕ್ಷಗಟ್ಟಲೆ ಜನ. ಎರಡು ದಿನ ಬಿಟ್ಟರೆ ಹುಣ್ಣಿಮೆ ಬೇರೆ. ಅಂತರ್ಜಾಲದಲ್ಲಿ ನಾನು ಹತ್ತು ಕಡೆ "ಹಂಪಿಗೆ ಹೋಗಲು ಒಳ್ಳೆಯ ಸಮಯ" ಓದಿದ್ದೆ. ಎಲ್ಲರೂ ನವೆಂಬರಿನಿಂದ ಫೆಬ್ರವರಿ ಅಂತ ಬರೆದಿದ್ದರು. ಒಬ್ಬರೂ ಪಂಚಾಂಗ ನೋಡಿ ಅಂತ ಬರೆದಿರಲಿಲ್ಲ. ಈಗ ನಾನು ಬರೆಯುತ್ತಿದ್ದೇನೆ. ನಮ್ಮ ಕಡೆಯ ಯಾವ ಊರಿಗೆ ಹೊರಟರೂ ಮೊದಲು ಪಂಚಾಂಗ ನೋಡಿ, ಆಮೇಲೆ ಹವಾಮಾನ.

ಹೀಗೆ 20 ಆಯಿತು. ಎರಡನೇ ಕೊಯ್ಲಿನ ಅಡಿಕೆ ಆಗಲೂ ಅಂಗಳದಲ್ಲೇ ಇರುತ್ತದೆ. ಅದಕ್ಕೆ ಪಕ್ಕದ ಮನೆ ಅಣ್ಣನನ್ನು ಒಪ್ಪಿಸಿದ್ದಾಯಿತು. ಹಸುವಿನ ಹಾಲು ಮೂರು ದಿನ ಅವರಿಗೇ, ಮೋಡ ಕಂಡರೆ ಟಾರ್ಪಾಲು ಅವರದೇ ಜವಾಬ್ದಾರಿ. ಫೆಬ್ರವರಿಯಲ್ಲಿ ಅವರು ಧರ್ಮಸ್ಥಳಕ್ಕೆ ಹೋಗುವಾಗ ಅವರ ಮನೆ ನಮ್ಮದು. ಊರಲ್ಲಿ ಲೆಕ್ಕ ಹೀಗೇ ನಡೆಯುತ್ತದೆ.

ದಿನ ಸಿಕ್ಕಿದ ಮೇಲೆ ರೂಮು. ಇಲ್ಲಿ ನಾನು ದಡ್ಡತನ ಮಾಡಿದೆ. ಒಂದು ಬುಕಿಂಗ್ ತಾಣದಲ್ಲಿ "ಹಂಪಿ, ವಿರೂಪಾಕ್ಷ ದೇವಸ್ಥಾನದಿಂದ 900 ಮೀಟರ್" ಅಂತ ಒಂದು ಕಾಟೇಜು ಕಂಡಿತು. ಗದ್ದೆ ನಡುವೆ, ಚೆಂದ ಇತ್ತು, ದುಡ್ಡೂ ಕಡಿಮೆ. ಅರ್ಧ ದುಡ್ಡು ಕಟ್ಟಿಬಿಟ್ಟೆ. ರಾತ್ರಿ ಮಗಳು ಮ್ಯಾಪ್ ದೊಡ್ಡದು ಮಾಡಿ ನೋಡಿ, "ಅಮ್ಮ, ಇದು ಹೊಳೆಯ ಆಚೆ ಇದೆ" ಅಂದಳು. ಒಂಬತ್ತನೇ ಕ್ಲಾಸು, ಸಮಾಜ ವಿಜ್ಞಾನ ನಾನೇ ಹೇಳಿಕೊಡುವುದು. ಮರ್ಯಾದೆ ಹೋಯಿತು.

900 ಮೀಟರ್ ಸುಳ್ಳಲ್ಲ. ಕಾಗೆ ಹಾರಿದರೆ ಅಷ್ಟೇ. ಆದರೆ ನಡುವೆ ತುಂಗಭದ್ರೆ ಇದ್ದಾಳೆ. ದೋಣಿ ಇರುವುದು ಹಗಲು ಹೊತ್ತು ಮಾತ್ರ. ಕಾರಿನಲ್ಲಿ ಹೋಗಬೇಕು ಅಂದರೆ ಸೇತುವೆ ಇರುವಲ್ಲಿಗೆ ಸುತ್ತಿಕೊಂಡು ಇಪ್ಪತ್ತು ಕಿಲೋಮೀಟರಿಗೂ ಜಾಸ್ತಿ. ಮಂಡಿ ನೋವಿನ ಅತ್ತೆಯನ್ನು ಮೆಟ್ಟಿಲು ಇಳಿಸಿ, ದೋಣಿ ಹತ್ತಿಸಿ, ಮತ್ತೆ ಮೆಟ್ಟಿಲು ಹತ್ತಿಸುವುದು ಆಗದ ಮಾತು. ಬೆಳಿಗ್ಗೆಯೇ ರದ್ದು ಮಾಡಿದೆ. ಕಟ್ಟಿದ್ದರಲ್ಲಿ ಮೂರನೇ ಒಂದು ಭಾಗ ಹಿಡಿದುಕೊಂಡರು. ಕೇಳಿದರೆ, ನಿಯಮ ಓದಿಲ್ವಾ ಮೇಡಂ ಅಂದರು. ಓದಿರಲಿಲ್ಲ, ನಿಜ.

ಆಮೇಲೆ ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿಗೆ ಫೋನ್ ಮಾಡಿದೆ. ಹೊಳೆಯ ಈಚೆ, ಹಂಪಿಗೆ ಹತ್ತಿರ, ನೆಲಮಹಡಿಯಲ್ಲಿ ರೂಮು ಸಿಕ್ಕಿತು. ನಾನು ಕೇಳಿದ ಪ್ರಶ್ನೆಗಳು ಮೂರೇ. ಮೆಟ್ಟಿಲು ಎಷ್ಟು? ಕಮೋಡು ಇದೆಯಾ? ಬಿಸಿನೀರು ಎಷ್ಟು ಗಂಟೆಗೆ? ವಯಸ್ಸಾದವರು ಜೊತೆಗಿದ್ದರೆ ಫೋಟೋದಲ್ಲಿ ಕಾಣುವ ಗದ್ದೆಗಿಂತ ಈ ಮೂರು ಮುಖ್ಯ.

ಇನ್ನು ಏನು ನೋಡುವುದು. ಮನೆಯಲ್ಲಿ ಐದು ಜನ, ಐದು ಪಟ್ಟಿ. ನಾಲ್ಕನೇ ಕ್ಲಾಸಿನ ಮಗನಿಗೆ ಕರಡಿ ಬೇಕು, ಅಂಜನಾದ್ರಿಯೂ ಬೇಕು. ಮಗಳಿಗೆ ಮ್ಯೂಸಿಯಂ. ಇವರಿಗೆ ಡ್ಯಾಮು, ಅದೂ ಆ 19ನೇ ಗೇಟು. ನನಗೆ ದಾರಿಯಲ್ಲಿ ಹೊಳೆಯ ಜೊತೆಗೇ ಹೋಗುವ ಆಸೆ. ತುಂಗೆ ನಮ್ಮೂರು ದಾಟಿ, ಮಂಡಗದ್ದೆ, ಗಾಜನೂರು, ಶಿವಮೊಗ್ಗ ಆಗಿ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊನ್ನಾಳಿ, ಹರಿಹರ, ಕುರುವತ್ತಿ ಮುಟ್ಟಿ ಹಂಪಿಗೆ ಹೋಗುತ್ತಾಳೆ. ನಾವೂ ಹಾಗೇ ಹೋದರೆ ಹೇಗೆ? ಮ್ಯಾಪಿನಲ್ಲಿ ಬೆರಳಿಟ್ಟು ನೋಡಿದರೆ ಚೆಂದ. ಲೆಕ್ಕ ಹಾಕಿದರೆ ದಾರಿಯಲ್ಲೇ ಒಂದು ದಿನ ಮುಗಿಯುತ್ತದೆ. ಕೂಡಲಿ ನಮಗೆ ಹತ್ತಿರದ್ದೇ, ಯಾವ ಭಾನುವಾರ ಬೇಕಾದರೂ ಹೋಗಬಹುದು ಅಂತ ಹೊಡೆದು ಹಾಕಿದೆ. ಕುರುವತ್ತಿಯ ಮಲ್ಲಿಕಾರ್ಜುನ ದೇವಸ್ಥಾನ ಬಿಡುವಾಗ ಮಾತ್ರ ಹೊಟ್ಟೆ ಉರಿಯಿತು. ಆ ಮದನಿಕೆ ಶಿಲ್ಪಗಳನ್ನು ನೋಡಬೇಕು ಅಂತ ಎಷ್ಟು ವರ್ಷದಿಂದ ಅಂದುಕೊಂಡಿದ್ದೇನೆ. ಹರಿಹರ ಮಾತ್ರ ಉಳಿಯಿತು, ರಸ್ತೆಯಲ್ಲೇ ಸಿಗುತ್ತದಲ್ಲ.

ಅಂಜನಾದ್ರಿ ಹೋಯಿತು. 575 ಮೆಟ್ಟಿಲು, ಅದೂ ಹೊಳೆಯ ಆಚೆ. ಮಗ ಅತ್ತ. ಕರಡಿ ಖಂಡಿತ ಅಂತ ಮಾತು ಕೊಟ್ಟ ಮೇಲೆ ಸುಮ್ಮನಾದ. ಕಮಲಾಪುರದ ಮ್ಯೂಸಿಯಂಗೆ ಶುಕ್ರವಾರ ರಜೆ ಅನ್ನುವುದು ಕೊನೇ ಗಳಿಗೆಯಲ್ಲಿ ಗೊತ್ತಾಯಿತು. ನಾನು ಅದನ್ನು ಶುಕ್ರವಾರ ಸಂಜೆಗೇ ಬರೆದಿದ್ದೆ. ಅಳಿಸಿ ಅಲ್ಲಿ ಡ್ಯಾಮು ಬರೆದೆ.

ಹೆಚ್ಚು ತಲೆ ಕೆಡಿಸಿದ್ದು ಮಂಟಪದ ದಾರಿಯೇ. ವಿಜಯ ವಿಠ್ಠಲ ದೇವಸ್ಥಾನಕ್ಕೆ ನಮ್ಮ ಕಾರು ಹೋಗುವುದಿಲ್ಲ. ಸುಮಾರು ಒಂದು ಕಿಲೋಮೀಟರ್ ಮೊದಲೇ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಅಲ್ಲಿವರೆಗೆ ಸರಿ. ಮಂಟಪ ಇರುವುದು ದೇವಸ್ಥಾನದಿಂದ ಇನ್ನೂ ಮುಂದೆ, ಹೊಳೆಯ ಪಕ್ಕ. ಅಲ್ಲಿಗೆ ನಡೆದೇ ಹೋಗಬೇಕು. ಎಷ್ಟು ದೂರ, ದಾರಿ ಹೇಗೆ, ಇಳಿಜಾರು ಎಷ್ಟು? ಇದನ್ನು ಯಾರೂ ಬರೆದಿರಲಿಲ್ಲ. ನಮ್ಮ ಶಾಲೆಯ ಹಳೇ ಪ್ರವಾಸದ ಫೋಟೋಗಳನ್ನೆಲ್ಲ ತೆಗೆದು ಹುಡುಕಿದೆ. ಒಂದರಲ್ಲಿ ಮಕ್ಕಳ ಹಿಂದೆ ಕಲ್ಲಿನ ಹಾಸು, ಅಲ್ಲಲ್ಲಿ ಮೆಟ್ಟಿಲು ಕಂಡಿತು. ಹೊಸಪೇಟೆಯಲ್ಲಿ ಕೆಲಸದಲ್ಲಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬನ ನಂಬರು ಸಿಕ್ಕಿತು. ಪಾಪ, ಅವನು ಒಂದು ಭಾನುವಾರ ಹೋಗಿ ದಾರಿಯುದ್ದಕ್ಕೂ ವಿಡಿಯೋ ಮಾಡಿ ಕಳಿಸಿದ. "ಟೀಚರ್, ಅಜ್ಜಿಗೆ ಎರಡು ಕಡೆ ಕೈ ಹಿಡೀಬೇಕು, ಉಳಿದಿದ್ದು ಪರವಾಗಿಲ್ಲ" ಅಂತ ಬರೆದಿದ್ದ. ಆ ವಿಡಿಯೋವನ್ನು ಅತ್ತೆ ರಾತ್ರಿ ಮಲಗುವ ಮೊದಲು ದಿನಾ ನೋಡುತ್ತಿದ್ದರು. ಡಿಸೆಂಬರ್ ಮಧ್ಯದ ಹೊತ್ತಿಗೆ ಅಲ್ಲಿನ ಒಂದೊಂದು ಕಲ್ಲೂ ಅವರಿಗೆ ಬಾಯಿಪಾಠ.

ಜೊತೆಗೆ ಒಂದು ಮಡಚುವ ಸ್ಟೂಲು ತಂದೆವು. ಹತ್ತು ಹೆಜ್ಜೆ ನಡೆಯುವುದು, ಕೂರುವುದು. ಬೆತ್ತದ ಕೋಲು ಮನೆಯಲ್ಲೇ ಇತ್ತು. "ಅದು ಮುದುಕರಿಗೆ" ಅಂತ ಅತ್ತೆ ಇಷ್ಟು ದಿನ ಮುಟ್ಟಿರಲಿಲ್ಲ.

ಸಾಮಾನು ಕಟ್ಟುವಾಗ ನಮ್ಮ ಮನೆಯಲ್ಲಿ ಒಂದು ದೊಡ್ಡ ತಪ್ಪಾಯಿತು. ಡಿಸೆಂಬರ್, ಚಳಿ ಅಂತ ಎಲ್ಲರಿಗೂ ಸ್ವೆಟರು, ಮಫ್ಲರು, ಎರಡು ಕಂಬಳಿ. ಇಲ್ಲಿ ಬೆಳಿಗ್ಗೆ ಎಂಟಾದರೂ ತೋಟದಲ್ಲಿ ಮಂಜು ತೊಟ್ಟಿಕ್ಕುತ್ತಿರುತ್ತದೆ. ಅದೇ ಲೆಕ್ಕ ಅಲ್ಲಿಗೂ ಹಾಕಿದೆವು. ಅತ್ತೆಯದು ಬೇರೆಯೇ ಚಿಂತೆ. ಬಯಲುಸೀಮೆ ಅಂದರೆ ಅವರ ಕಣ್ಣಿಗೆ ಬರುವುದು ಬರೀ ಕಲ್ಲು, ಜೋಳ, ಒಣ ನೆಲ. "ಅಲ್ಲಿ ಅನ್ನ ಸಿಗ್ತದನಾ?" ಅಂತ ಕೇಳಿ, ಒಂದು ಚೀಲ ಕುಚ್ಚಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಕಷಾಯದ ಪುಡಿ ಎಲ್ಲ ಕಾರಿಗೆ ತುಂಬಿದರು. ಅಕ್ಕಿಯನ್ನು ನಾನು ಕದ್ದು ಇಳಿಸಿದೆ.

ನಾನು ಮೊದಲು ಬರೆದುಕೊಂಡ ಖರ್ಚು 15 ಸಾವಿರ. ಪೆಟ್ರೋಲಿಗೆ 4 ಸಾವಿರದ ಮೇಲೆ, ಉಳಿದದ್ದು ರೂಮು ಮತ್ತು ಊಟ. ಹಂಪಿಯಲ್ಲಿ ಟಿಕೆಟಿನ ಖರ್ಚು ಜಾಸ್ತಿ ಇಲ್ಲ. ದೊಡ್ಡವರಿಗೆ 40 ರೂಪಾಯಿ, ಹದಿನೈದರ ಒಳಗಿನ ಮಕ್ಕಳಿಗೆ ಇಲ್ಲ. ಒಂದೇ ಟಿಕೆಟಿನಲ್ಲಿ ವಿಠ್ಠಲ ದೇವಸ್ಥಾನ, ಕಮಲ ಮಹಲಿನ ಆವರಣ, ಮ್ಯೂಸಿಯಂ ಮೂರೂ ನೋಡಬಹುದು, ಆದರೆ ಅದೇ ದಿನ ನೋಡಬೇಕು. ಕೊನೆಗೆ ಆದದ್ದು 18 ಸಾವಿರ. ರದ್ದು ಮಾಡಿದ ಕಾಟೇಜನ್ನು ಸೇರಿಸಿ.

ಶುಕ್ರವಾರ ಬೆಳಗಿನ ಜಾವ ಐದಕ್ಕೆ ಹೊರಡುವುದು ಅಂತ ಬರೆದಿದ್ದೆ. ಹೊರಟಿದ್ದು ಆರೂವರೆಗೆ, ಬೇಕೆಂದೇ. ಮಂಡಗದ್ದೆ ಕಾಡಿನಲ್ಲಿ ಮಂಜಿಗೆ ರಸ್ತೆ ಕಾಣುತ್ತಿರಲಿಲ್ಲ ಅಂತ ಬೆಳಿಗ್ಗೆ ಹಾಲಿನ ವ್ಯಾನಿನವರು ಹೇಳಿದ್ದರು. ಶಿವಮೊಗ್ಗದಲ್ಲಿ ತಿಂಡಿ. ಹೊನ್ನಾಳಿ ದಾಟುವಾಗ ಬಿಸಿಲು ಏರಿತು, ಎಲ್ಲರ ಸ್ವೆಟರೂ ಇಳಿಯಿತು.

ಹರಿಹರದಲ್ಲಿ ಒಂದು ಗಂಟೆ. ಅರ್ಧ ಶಿವ, ಅರ್ಧ ವಿಷ್ಣುವಾದ ಹರಿಹರೇಶ್ವರ. ದೇವಸ್ಥಾನ ಕಟ್ಟಿಸಿದ್ದು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ, 1224ರಲ್ಲಿ. ಕಂಬಗಳು ಕಡೆದು ತೊಳೆದಿಟ್ಟ ಹಾಗಿವೆ. ನಮ್ಮವರಿಗೆ ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿನ್ನುವ ಆಸೆ, ಹದಿನಾಲ್ಕು ಕಿಲೋಮೀಟರ್ ಅಷ್ಟೇ ಅಂದರು. ಹೋಗಿ ಬಂದರೆ ಡ್ಯಾಮು ಇಲ್ಲ ಅಂದೆ. ಸುಮ್ಮನೆ ಕಾರು ಹತ್ತಿದರು.

ಹರಪನಹಳ್ಳಿ ದಾರಿಯಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಬದಿಯಲ್ಲಿ ಟಾರ್ಪಾಲು ಮಡಚಿಟ್ಟು, ಮೇಲೆ ಕಲ್ಲು ಹೇರಿದ್ದರು. ಅತ್ತೆ ಕಿಟಕಿ ಇಳಿಸಿ ನೋಡಿ, "ಇವ್ರಿಗೂ ನಮ್ಮ ಹಾಗೇ ಮೋಡದ ಹೆದರಿಕೆ" ಅಂದರು. ಹೊಸಪೇಟೆ ಹತ್ತಿರವಾದ ಹಾಗೆ ನೆಲವೇ ಬದಲಾಯಿತು. ಕಾಲುವೆ, ಬಾಳೆ, ಕಬ್ಬು, ಭತ್ತದ ಗದ್ದೆ. ಹೊಳೆಯ ಆಚೆ ಗಂಗಾವತಿ ಸೀಮೆ, ನಮ್ಮ ಪೇಟೆಗೆ ಸೋನಾ ಮಸೂರಿ ಬರುವುದೇ ಅಲ್ಲಿಂದ ಅಂತ ಇವರು ಹೇಳಿದಾಗ ಅತ್ತೆ ನನ್ನ ಕಡೆ ತಿರುಗಿ, "ಅಕ್ಕಿ ಇಳಿಸಿದ್ದು ನಂಗೆ ಗೊತ್ತು" ಅಂದರು.

ಸಂಜೆ ಡ್ಯಾಮು. 33 ಗೇಟು, ಮಗ ಬೆರಳಿಟ್ಟು ಎಣಿಸಿ ಹತ್ತೊಂಬತ್ತನ್ನು ಹುಡುಕಿದ. ಗೇಟು ಹೋದಾಗ ಹರಿವ ನೀರಿನಲ್ಲೇ ಒಂದೊಂದಾಗಿ ಉಕ್ಕಿನ ಹಲಗೆ ಇಳಿಸಿ ಮುಚ್ಚಿದ್ದರು. ಆಮೇಲೆ ಮಳೆ ಬಂದು ಡ್ಯಾಮು ಮತ್ತೆ ತುಂಬಿತು. ಇವರು ಅದನ್ನು ಅರ್ಧ ಗಂಟೆ ನೋಡಿದರು. ನಾನು ಹತ್ತು ನಿಮಿಷಕ್ಕೇ ಬೇಸತ್ತು ಮಿರ್ಚಿ ಮಂಡಕ್ಕಿ ಹುಡುಕಿಕೊಂಡು ಹೋದೆ.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ವಿಠ್ಠಲ ದೇವಸ್ಥಾನದ ಹತ್ತಿರ ಇದ್ದೆವು. ಶಾಲೆ ಬಸ್ಸುಗಳು ಬರುವುದು ಹತ್ತರ ಮೇಲೆ, ಇದು ನನ್ನ ಅನುಭವದ ಲೆಕ್ಕ. ಮಕ್ಕಳಿಗೆ ತಿಂಡಿ ಕೊಟ್ಟು, ಬಸ್ಸು ಹತ್ತಿಸಿ, ಎಣಿಸಿ, ಒಬ್ಬ ಕಡಿಮೆಯಾಗಿ, ಮತ್ತೆ ಎಣಿಸುವಷ್ಟರಲ್ಲಿ ಹತ್ತಾಗಿಯೇ ಆಗುತ್ತದೆ. ಬ್ಯಾಟರಿ ಗಾಡಿಯಲ್ಲಿ ನಾವು ಐದು ಜನರಲ್ಲದೆ ಇನ್ನು ಮೂರು ಜನ, ಅಷ್ಟೇ.

ಅತ್ತೆ ಕಲ್ಲಿನ ರಥದ ಕಡೆ ತಿರುಗಿ ನೋಡಲಿಲ್ಲ. "ಅದು ಆಮೇಲೆ" ಅಂದರು. ವಿಡಿಯೋದಲ್ಲಿ ನೋಡಿದ ದಾರಿ ಹಿಡಿದು ನಮಗಿಂತ ಮುಂದೆ ಹೊರಟರು. ರಾಜರ ತುಲಾಭಾರದ ಕಲ್ಲಿನ ಕಮಾನು ಬಂತು. ಅಲ್ಲಿ ಒಮ್ಮೆ ಸ್ಟೂಲು ಹಾಕಿ ಕೂತರು. ಮುಂದೆ ಇಳಿಯುವ ಜಾಗದಲ್ಲಿ ಎರಡು ಕಡೆ ಕೈ ಹಿಡಿದೆವು. ಆ ಹುಡುಗ ಹೇಳಿದ್ದು ಸರಿಯಾಗಿತ್ತು, ಎರಡೇ ಕಡೆ.

ಮಂಟಪ ಸಣ್ಣದು. ತಗ್ಗಿನ ಚಾವಣಿ, ಒರಟು ಕಂಬಗಳು. ಚಿತ್ರದಲ್ಲಿ ನೋಡಿ ದೊಡ್ಡದು ಅಂದುಕೊಂಡಿದ್ದೆ. ಅಷ್ಟು ದೊಡ್ಡ ವಿಠ್ಠಲ ದೇವಸ್ಥಾನದ ಪಕ್ಕದಲ್ಲಿ ಇದು ನಮ್ಮ ತೋಟದ ಮನೆಯಷ್ಟು. ಕಂಬದ ಬುಡದಲ್ಲಿ ಮಳೆಗಾಲದ ಕೆಸರು ಒಣಗಿ ಬಿರಿದಿತ್ತು. ಹೊಳೆ ಕೆಳಗೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಇದೇ ಹೊಳೆ ಇಷ್ಟು ಮೇಲೆ ಏರಿ ಚಾವಣಿ ಮುಟ್ಟುತ್ತದೆ ಅಂದರೆ ನಂಬುವುದು ಕಷ್ಟ.

ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಂಬಕ್ಕೆ ಒರಗಿ ಕೂತರು. ಹಾಡುತ್ತಾರೆ ಅಂದುಕೊಂಡಿದ್ದೆ, ಭಜನಾ ಮಂಡಳಿಯಲ್ಲಿ ಮುಂದಿನ ಸಾಲು ಅವರದು. ಹಾಡಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಒಂದು ಹಣ್ಣಡಿಕೆ ತೆಗೆದು ಕಂಬದ ಬುಡದಲ್ಲಿ ಇಟ್ಟರು. ಆರಗದ ತಮ್ಮನ ತೋಟದ್ದಂತೆ. ಯಾವಾಗ ತರಿಸಿದ್ದರೋ, ನಮಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ.

ಮಗಳು ಫೋನ್ ನೋಡಿ, "ದಾಸರು ತೀರಿಕೊಂಡಿದ್ದು 1564ರಲ್ಲಿ ಅಂತೆ. ತಾಳಿಕೋಟೆ ಯುದ್ಧ 1565ರ ಜನವರಿ. ಊರು ಹಾಳಾಗಿದ್ದನ್ನ ಅವರು ನೋಡಲೇ ಇಲ್ಲ ಅಜ್ಜಿ" ಅಂದಳು.

"ಪುಣ್ಯಾತ್ಮರು" ಅಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಲ್ಲಿ ಬಿದ್ದ ಮಳೆ ಇಲ್ಲಿಗೆ ಬರೋಕೆ ಎಷ್ಟು ದಿನ ಬೇಕಾಗ್ತದೆ?" ಅಂತ ಕೇಳಿದರು. ಸಮಾಜ ವಿಜ್ಞಾನದ ಟೀಚರಿಗೂ ಅದು ಗೊತ್ತಿರಲಿಲ್ಲ. ನಮಗೆ ಒಂದು ದಿನ ಬೇಕಾಯ್ತು ಅಂದೆ. ಹದಿನೈದು ದಿನದ ಕ್ಯಾಲೆಂಡರ್ ಲೆಕ್ಕ ಬಿಟ್ಟು.

ಮಧ್ಯಾಹ್ನದ ಹೊತ್ತಿಗೆ ಬಂಡೆಗಳು ಕಾದು ಹಂಚಿನ ಹಾಗಾದವು. ಡಿಸೆಂಬರ್ ಅಂತ ಯಾರೂ ನಂಬುವ ಹಾಗಿರಲಿಲ್ಲ. ಟೋಪಿ ತಂದಿರಲಿಲ್ಲ, ಮಫ್ಲರನ್ನೇ ಒದ್ದೆ ಮಾಡಿ ತಲೆಗೆ ಸುತ್ತಿಕೊಂಡೆವು. ನೀರಿನ ಬಾಟಲಿಗೇ ಇನ್ನೂರು ರೂಪಾಯಿ ಹೋಯಿತು. ಕಮಲ ಮಹಲು, ಆನೆ ಲಾಯ ಎಲ್ಲ ನೆರಳಿಂದ ನೆರಳಿಗೆ ಓಡುತ್ತಾ ನೋಡಿದ್ದು. ಮೂರು ಗಂಟೆಗೆ ದರೋಜಿ ಕರಡಿ ಧಾಮ. ಗೋಪುರದ ಮೇಲಿಂದ ನೋಡಬೇಕು. ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿರುತ್ತಾರೆ, ಕರಡಿಗಳು ಗುಹೆಯಿಂದ ಇಳಿದು ಬಂದು ನೆಕ್ಕುತ್ತವೆ. ಮೊದಲು ಒಂದು, ಆಮೇಲೆ ಬೆನ್ನ ಮೇಲೆ ಮರಿ ಹೊತ್ತ ಇನ್ನೊಂದು. ದುರ್ಬೀನು ಪಕ್ಕದವರದು. ಮಗ ಅದನ್ನು ವಾಪಸು ಕೊಡಲೇ ಇಲ್ಲ, ಅವರೂ ಕೇಳಲಿಲ್ಲ.

ಅಲ್ಲಿ ಇರುವಾಗಲೇ ಪಕ್ಕದ ಮನೆ ಅಣ್ಣನ ಫೋನು. "ಮೋಡ ಮುಚ್ಚಿದೆ. ನಿಮ್ಮ ನೀಲಿ ಟಾರ್ಪಾಲು ಎಲ್ಲಿಟ್ಟಿದ್ದೀರಿ?" ಇವರು ಗೋಪುರದ ಮೂಲೆಗೆ ಹೋಗಿ ಕಿವಿ ಮುಚ್ಚಿಕೊಂಡು ಹತ್ತು ನಿಮಿಷ ಮಾತಾಡಿದರು. ಕೊಟ್ಟಿಗೆ ಅಟ್ಟ, ಗೊಬ್ಬರದ ಚೀಲದ ಹಿಂದೆ. ಪಟ್ಟಿ ಮಾಡುವಾಗ ಎಲ್ಲ ಬರೆದಿದ್ದೆ, ಟಾರ್ಪಾಲು ಎಲ್ಲಿದೆ ಅಂತ ಮಾತ್ರ ಬರೆದುಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ವಿರೂಪಾಕ್ಷ, ಆಮೇಲೆ ಮ್ಯೂಸಿಯಂ. ಹಿಂದಿನ ದಿನದ ಟಿಕೆಟು ನಡೆಯಲಿಲ್ಲ, ಹೊಸದು ತೆಗೆದುಕೊಂಡೆವು. ಮಗಳು ಅಲ್ಲಿರುವ ಹಂಪಿಯ ದೊಡ್ಡ ಮಾದರಿಯ ಮುಂದೆ ನಿಂತು ಹೊಳೆ ಎಲ್ಲಿ, ನಾನು ಬುಕ್ ಮಾಡಿದ್ದ ಕಾಟೇಜು ಎಲ್ಲಿ ಬರುತ್ತಿತ್ತು ಅಂತ ಎಲ್ಲರಿಗೂ ತೋರಿಸಿದಳು. ಹನ್ನೆರಡಕ್ಕೆ ಹೊರಟೆವು. ಬರುವಾಗ ಬೆಣ್ಣೆ ದೋಸೆಗೆ ದಾವಣಗೆರೆ ಸುತ್ತಿ ಬಂದದ್ದರಿಂದ ಶಿವಮೊಗ್ಗ ಮುಟ್ಟುವಾಗಲೇ ಕತ್ತಲು.

ಗಾಜನೂರು ದಾಟಿದ ಮೇಲೆ ಮಂಜು ಇಳಿಯಿತು. ಇವರು ಕಾರಿನ ವೇಗ ಕಡಿಮೆ ಮಾಡಿದರು. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ. ಅತ್ತೆ ಕಾಲ ಬುಡದ ಚೀಲಕ್ಕೆ ಕೈ ಹಾಕಿ, ಮೂರು ದಿನ ಯಾರೂ ಮುಟ್ಟದ ಕಂಬಳಿ ಎಳೆದು ಇಬ್ಬರಿಗೂ ಹೊದಿಸಿದರು.

"ಬೇಡ ಬೇಡ ಅಂತಿದ್ದೆಯಲ್ಲೇ" ಅಂದರು ನನಗೆ.